ಯಲ್ದೂರಿನಾಚೆಯ ವೀರಗಲ್ಲು

ಶ್ರೀನಿವಾಸಪುರದಲ್ಲಿ ನಮ್ಮದೊಂದು ಇತಿಹಾಸ ಬಳಗ ಇತ್ತು. ಬಳಗ ಎಂದರೆ ಆರೇಳು ಜನ. ತಪ್ಪದೆ ಬರುತ್ತಿದ್ದವರು ಮೂವರೇ. ನಿವೃತ್ತ ಹೆಡ್‌ಮಾಸ್ಟರು ಅಧ್ಯಕ್ಷರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನು ಕಾರ್ಯದರ್ಶಿ. ಇನ್ನೊಬ್ಬರು ಪೇಟೆಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಸಾಹೇಬರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿ, ಕೈ ಸುಮ್ಮನಿರಲಾರದೆ ನಮ್ಮ ಜೊತೆ ಸೇರಿದ್ದರು. ಹಳಗನ್ನಡದ ಅರ್ಥ ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಸವೆದ ಅಕ್ಷರದ ಗೆರೆ ಎಲ್ಲಿಂದ ಎಲ್ಲಿಗೆ ತಿರುಗಿದೆ ಎಂಬುದು ನಮಗಿಂತ ಮೊದಲು ಅವರಿಗೆ ಕಾಣುತ್ತಿತ್ತು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯುವುದೆಲ್ಲ ಅವರದೇ ಕೆಲಸ.

ಒಂದು ಭಾನುವಾರ ಯಲ್ದೂರಿನಾಚೆಯ ಮಾವಿನ ತೋಪೊಂದಕ್ಕೆ ಹೋದೆವು. ಬೇಲಿಯ ಪಕ್ಕದಲ್ಲಿ ವೀರಗಲ್ಲು ಅರ್ಧ ಹೂತು ನಿಂತಿತ್ತು. ಎಣ್ಣೆ ಕುಡಿದು ಕಪ್ಪಾಗಿತ್ತು. ಕೆಳಗೆ ಮೂರು ಸಾಲು ಬರಹ. ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತ ಒಬ್ಬನ ಕಲ್ಲು. ನಮಗೆ ತಿಳಿದಂತೆ ಅದುವರೆಗೆ ಯಾರೂ ಅದನ್ನು ಓದಿರಲಿಲ್ಲ. ಹೆಡ್‌ಮಾಸ್ಟರು ಚಪ್ಪಲಿ ಬಿಟ್ಟು, ಮಣ್ಣಿನಲ್ಲೇ ಕುಳಿತುಬಿಟ್ಟರು.

ಅವರಿಬ್ಬರೂ ಕಾಗದ ತಟ್ಟುತ್ತಿದ್ದಾಗ ತೋಪಿನ ಅಜ್ಜಿ ನನ್ನನ್ನು ಮನೆಯ ಹತ್ತಿರ ಕರೆದು ಮಜ್ಜಿಗೆ ಕೊಟ್ಟಳು.

"ನೋಡ್ಕೊಂಡ್ ಹೋಗು ನಾಯನಾ, ಬೇಡ ಅನ್ನಲ್ಲ. ಅದು ನಮ್ಮ ಈರಪ್ಪ, ನಮ್ಮತ್ತೆ ಕಾಲದಿಂದ ಎಣ್ಣೆ ಹಾಕ್ತಿದೀವಿ. ಪೇಪರ್‌ಗೆ ಮಾತ್ರ ಹಾಕ್ಬೇಡಿ. ಬರೆದಿರೋ ಕಲ್ಲು ಅಂತ ಗೊತ್ತಾದ್ರೆ ನಿಧಿ ಐತೆ ಅಂತ ಅಗೀತಾರೆ."

"ಆಯ್ತಜ್ಜಿ, ಹಾಕಲ್ಲ" ಎಂದೆ. ಹೇಳಿದಾಗ ಮನಸ್ಸಿನಿಂದಲೇ ಹೇಳಿದ್ದೆ.

ಆದರೆ ವಾರ ಕಳೆಯುವಷ್ಟರಲ್ಲಿ ಬರೆದೆ. ಇಷ್ಟು ವರ್ಷ ಬಿಸಿಲಲ್ಲಿ ಅಲೆದರೂ ನಮ್ಮನ್ನು ಕೇಳಿದವರಿಲ್ಲ ಎಂಬ ಸಂಕಟ ಇತ್ತು. ನನ್ನ ಹೆಸರು ಅಚ್ಚಿನಲ್ಲಿ ನೋಡುವ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಊರು, ತೋಪು, ಬೇಲಿಯ ಮೂಲೆ, ಎಲ್ಲವನ್ನೂ ಬರೆದೆ. ಅಜ್ಜಿ ಹೇಳಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಪತ್ರಿಕೆಯಲ್ಲಿ ಫೋಟೊ ಸಮೇತ ಬಂತು. ಹೆಡ್‌ಮಾಸ್ಟರು ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು, ಸಿಕ್ಕಿದವರಿಗೆಲ್ಲ ತೋರಿಸಿದರು.

ಮೂರು ವಾರಕ್ಕೆ ಅಜ್ಜಿಯ ಮಗ ಫೋನ್ ಮಾಡಿದ. ಮೂವರೂ ಬಸ್ಸು ಹತ್ತಿ ಹೋದೆವು. ಕಲ್ಲು ಇದ್ದ ಕಡೆ ಆಳುದ್ದದ ಗುಂಡಿ. ಸುತ್ತ ಕುಂಕುಮ ಮೆತ್ತಿದ ನಿಂಬೆಹಣ್ಣಿನ ಹೋಳುಗಳು. ಕಲ್ಲು ನಾಲ್ಕು ಚೂರಾಗಿ ಬಿದ್ದಿತ್ತು. ವೀರನ ಮುಖ ಇದ್ದ ಭಾಗ ಪುಡಿಯಾಗಿತ್ತು. ಸಾಹೇಬರು ಒಂದು ಚೂರಿನ ಮಣ್ಣನ್ನು ಅಂಗೈಯಿಂದ ಒರೆಸಿ, ಅಕ್ಷರದ ಮೇಲೆ ಬೆರಳಿಟ್ಟು ಕುಳಿತರು.

ಅಜ್ಜಿ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ಹೆಡ್‌ಮಾಸ್ಟರು ಕೈಮುಗಿದು, "ಈ ಚೂರುಗಳನ್ನಾದ್ರೂ ನಮಗೆ ಕೊಡಿ ತಾಯಿ, ಜೋಪಾನವಾಗಿ ಇಟ್ಕೋತೀವಿ" ಎಂದರು.

"ಮುಕ್ಕಾಗಿರೋ ದೇವ್ರನ್ನ ಇಟ್ಕೋಬಾರ್ದು. ನೀರಿಗೆ ಬಿಡ್ತೀವಿ."

"ದಯವಿಟ್ಟು ನಮ್ಮ ಮಾತು ನಂಬಿ."

ಅಜ್ಜಿ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ನೀನೇ ಹೇಳು ನಾಯನಾ. ನಿಮ್ಮ ಮಾತು ನಂಬ್ಲಾ?"

ನಾನು ಗುಂಡಿಯ ಕಡೆ ತಿರುಗಿಕೊಂಡೆ. ಹೆಡ್‌ಮಾಸ್ಟರಿಗೆ ಏನೂ ಅರ್ಥವಾಗಲಿಲ್ಲ. ಸಾಹೇಬರು ತಲೆಯೆತ್ತಿ ನನ್ನನ್ನು ನೋಡಿದರು.

ಮಧ್ಯಾಹ್ನ ಚೂರುಗಳನ್ನು ಟ್ರ್ಯಾಕ್ಟರಿಗೆ ಹೇರಿ ಕೆರೆಗೆ ಒಯ್ದರು. ಏರಿಯ ಮೇಲೆ ನಿಂತು ನಾವೂ ನೋಡಿದೆವು. ಒಂದೊಂದೇ ಚೂರು ಮುಳುಗಿತು. ಬರಹವಿದ್ದ ಚೂರು ಯಾವುದೆಂದು ಅಷ್ಟು ದೂರಕ್ಕೆ ತಿಳಿಯಲಿಲ್ಲ.

ವಾಪಸ್ಸು ಬರುವಾಗ ಹೆಡ್‌ಮಾಸ್ಟರು ಮುಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕುಳಿತಿದ್ದರು. ಪಕ್ಕದಲ್ಲಿದ್ದ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ.

"ಮೊದ್ಲೇ ಒಂದ್ ಮಾತ್ ಹೇಳಿದ್ರೆ ನಾನೇ ಬೇಡ ಅಂತಿದ್ದೆ ಸಾರ್" ಎಂದರು. "ಆಯಮ್ಮ ನಮ್ಮನ್ನ ನಂಬಿ ಒಳಗೆ ಬಿಟ್ಲು."

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವರ ಬೋರ್ಡಿನ ಅಂಗಡಿಗೆ ಹೋದರೆ ಕುರ್ಚಿ ಹಾಕಿದರು, ಚಹಾ ತರಿಸಿದರು, ನನ್ನ ಮಕ್ಕಳ ಓದಿನ ಬಗ್ಗೆ ವಿಚಾರಿಸಿದರು. ಕಲ್ಲಿನ ಮಾತು ತೆಗೆಯಲೇ ಇಲ್ಲ. ನನಗೂ ಧೈರ್ಯ ಸಾಲಲಿಲ್ಲ.

ಪಡಿಯಚ್ಚು ತೆಗೆಯುವವರಿಲ್ಲದೆ ನಮ್ಮ ತಿರುಗಾಟ ನಿಂತಿತು. ಬಳಗ ಸೇರುತ್ತಿದ್ದ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೆಲವು ತಿಂಗಳು ಹೆಡ್‌ಮಾಸ್ಟರೂ ನಾನೂ ಇಬ್ಬರೇ ಕುಳಿತೆವು. "ಸಾಹೇಬ್ರಿಗೆ ಏನಾಯ್ತಂತೆ?" ಎಂದು ಅವರು ಪ್ರತಿ ಸಲ ಕೇಳುತ್ತಿದ್ದರು. ಹುಷಾರಿಲ್ಲವಂತೆ, ಮದುವೆಗೆ ಮುಳಬಾಗಿಲಿಗೆ ಹೋಗಿದ್ದಾರಂತೆ ಎಂದು ಏನೋ ಒಂದು ಹೇಳುತ್ತಿದ್ದೆ. ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೆ. ಆಮೇಲೆ ಮಂಡಿನೋವೆಂದು ಅವರೂ ಬರುವುದನ್ನು ಬಿಟ್ಟರು. ಕೋಣೆಯ ಬೀಗದ ಕೈಯನ್ನು ನಾನೇ ಹೋಗಿ ಗ್ರಂಥಾಲಯದವರಿಗೆ ಒಪ್ಪಿಸಿ ಬಂದೆ.