ಮೂರು-ಎಂಟರ ದೀಪ

ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಒಂದೇ ಅಪಾರ್ಟ್‌ಮೆಂಟು ಕಟ್ಟಡದಲ್ಲಿ ಅವಳು ಮೇಲೆ, ನಾನು ಕೆಳಗೆ. ಅವಳು ಮಂಗಳೂರಿನವಳು, ನಾನು ಮಂಡ್ಯದವಳು, ಇಬ್ಬರೂ ಎಂಜಿನಿಯರುಗಳು. ಇಬ್ಬರಿಗೂ ಒಂದೇ ಹುಚ್ಚು: ಟ್ಯೂಬ್‌ಲೈಟು ಮಿಣುಕದೆ, ಸ್ವಿಚ್ಚು ಒತ್ತಿದ ಕೂಡಲೇ ಹತ್ತಬೇಕು. ಶನಿವಾರ ಬಂತೆಂದರೆ ಅವಳ ಅಡುಗೆಮನೆಯ ಮೇಜಿನ ಆ ತುದಿಯಲ್ಲಿ ಅವಳ ಸರ್ಕ್ಯೂಟು, ಈ ತುದಿಯಲ್ಲಿ ನನ್ನದು, ನಡುವೆ ನೀರುದೋಸೆ.

ಆಗ ಅಮೆರಿಕದಲ್ಲಿ ಪೇಟೆಂಟು ಸಿಗುತ್ತಿದ್ದುದು ಮೊದಲು ಅರ್ಜಿ ಹಾಕಿದವರಿಗಲ್ಲ, ಮೊದಲು ಕಂಡುಹಿಡಿದವರಿಗೆ. ಅದಕ್ಕೇ ಮಾಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ತಾರೀಕು ಹಾಕಿ, ಸಾಕ್ಷಿ ಸಹಿ ಮಾಡಿಸಬೇಕಿತ್ತು. ಅವಳ ಪುಟಕ್ಕೆ ನಾನು, ನನ್ನ ಪುಟಕ್ಕೆ ಅವಳು.

"ಹಿಂದೆ ಬಲ್ಬು ನಂದು ಅಂತ ಕಡಲಿನ ಆಚೆ ಒಬ್ಬ, ಈಚೆ ಒಬ್ಬ ಜಗಳ ಆಡಿದ್ರಂತೆ. ಕಡೆಗೆ ಇಬ್ರ ಹೆಸ್ರಲ್ಲೂ ಒಂದೇ ಕಂಪನಿ!" ಎಂದು ಅವಳು ನಗುತ್ತಿದ್ದಳು. "ನಮ್ಗೆ ಸಹಿ ಉಂಟಲ್ಲ, ಜಗಳ ಇಲ್ಲ ಮಾರಾಯ್ತಿ."

ಜೂನ್‌ನಲ್ಲಿ ಅವಳ ದೀಪ ಹತ್ತಿತು. ನಾನು ಚಪ್ಪಾಳೆ ತಟ್ಟಿದೆ, ಹೊಟ್ಟೆಕಿಚ್ಚೂ ಹತ್ತಿಕೊಂಡಿತು. ನನ್ನದು ಹತ್ತಿದ್ದು ಆಗಸ್ಟ್ ಮೂರಕ್ಕೆ. ಊರಿನ ರೂಢಿಯಂತೆ 3-8 ಎಂದು ಬರೆದೆ. ಉಪಾಯ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಬಿಟ್ಟುಕೊಡಲು ಮನಸ್ಸಾಗದೆ, ಅವಳು ಅರ್ಜಿ ಹಾಕಿದ ವಾರವೇ ನಾನೂ ಹಾಕಿದೆ.

ಮೊದಲು ಕಂಡುಹಿಡಿದವರು ಯಾರೆಂದು ತೀರ್ಮಾನಿಸಲು ವಕೀಲರು ನಮ್ಮನ್ನು ಎದುರುಬದುರು ಕೂರಿಸಿದರು. ನನ್ನ ವಕೀಲ ಪುಟ ತಿರುವಿ, "ಮಾರ್ಚ್ ಎಂಟು," ಎಂದು ಓದಿದ. ಅಲ್ಲಿಯವರು ತಿಂಗಳನ್ನು ಮೊದಲು ಬರೆಯುತ್ತಾರೆ. ಜೂನ್‌ಗಿಂತ ಮಾರ್ಚ್ ಮುಂಚೆ. ಪುಟದ ಕೆಳಗೆ ಅವಳದೇ ಸಹಿ. ಅವಳು ನನ್ನ ಮುಖ ನೋಡಿದಳು. ನಾನು ಕಾಫಿ ಕಪ್ಪು ನೋಡಿದೆ.

ಪಾರ್ಕಿಂಗ್ ಲಾಟಿನಲ್ಲಿ ಅವಳ ಮೇಲೇ ರೇಗಿದೆ: "ನೀನ್ಯಾಕೆ ಬಾಯಿ ಬಿಡ್ಲಿಲ್ಲ?" ಕಳ್ಳನಿಗೊಂದು ಪಿಳ್ಳೆ ನೆವ.

"ನೀನು ಹೇಳ್ತಿ ಅಂತ ಕಾದೆ," ಎಂದಳು. ಅರ್ಜಿ ಹಿಂತೆಗೆದುಕೊಂಡು, ತಿಂಗಳೊಳಗೆ ಬೇರೆ ರಾಜ್ಯಕ್ಕೆ ಹೊರಟುಹೋದಳು.

ಪೇಟೆಂಟು ನನಗೆ ಬಂತು. ಅದರ ಅವಧಿಯೂ ಮುಗಿಯಿತು. ಈಗ ಆ ಸರ್ಕ್ಯೂಟನ್ನು ಯಾರು ಬೇಕಾದರೂ ಮಾಡಬಹುದು. ಮಾತು ತಡವಾಗಿ ತಲೆಗೆ ಹೋಗುವವರನ್ನು ನಮ್ಮ ಕಡೆ ಟ್ಯೂಬ್‌ಲೈಟು ಅನ್ನುತ್ತಾರಲ್ಲ, ಆ ಬಿರುದು ಮಾತ್ರ ನನಗೊಬ್ಬಳಿಗೇ ಸಲ್ಲಬೇಕು. ಅವಳಿಲ್ಲದೆ ನನಗೆ ಶನಿವಾರಗಳೇ ಬೇಡವಾಗಿವೆ. ಬಂದು ಬೈದಾದರೂ ಹೋಗಬಾರದೇ ಅನ್ನಿಸುತ್ತದೆ.

ವರ್ಷಕ್ಕೊಮ್ಮೆ, ಮಾರ್ಚ್ ಎಂಟಕ್ಕೆ, ಅವಳಿಗೊಂದು ಕಾರ್ಡು ಹಾಕುತ್ತೇನೆ. ಉತ್ತರ ಬಂದಿಲ್ಲ, ಕಾರ್ಡೂ ವಾಪಸು ಬಂದಿಲ್ಲ. ಅದರಲ್ಲಿ ಬರೆಯುವುದು ಒಂದೇ ಸಾಲು: "ಅದು ಆಗಸ್ಟು ಕಣೇ."