ಗಾಡಿ ಹಾಡಿನ ಮೂರನೆಯ ಸಾಲು

ಆ ಗುರುವಾರ ನಮ್ಮ ಮನೆಯವರು ಹಿತ್ತಲ ಬಾಗಿಲಿಗೆ ಕನ್ನಡಿ ತೂಗುಹಾಕಿ ಗಡ್ಡ ಮಾಡಿಕೊಳ್ಳುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಹಾಡುತ್ತಿದ್ದರು. ಬ್ಲೇಡು ಗದ್ದದ ಕೆಳಗೆ ಇಳಿದಾಗ ಹಾಡು ನಿಲ್ಲುತ್ತಿತ್ತು, ಕೆನ್ನೆಗೆ ಬಂದಾಗ ಮತ್ತೆ ಶುರುವಾಗುತ್ತಿತ್ತು.

ಜೋಡೆತ್ತಿನ ಗಾಡಿ ಹೂಡೇನಿ, ಏರಬಾರ ಗೆಣತಿ,
ಊರ ದಾಟಿದ ಮ್ಯಾಲ ಹೇಳೇನ ಮನಸಿನಾಗ ಏನೈತಿ.

ಎರಡೇ ಸಾಲು. ಮದುವೆಯಾಗಿ ಇಪ್ಪತ್ತಾರು ವರ್ಷ ನಾನು ಕೇಳಿದ್ದು ಈ ಎರಡೇ ಸಾಲು. ಮದುವೆಗೆ ಮೊದಲು ಕಂಪನಿ ನಾಟಕ ನೋಡಿ ಕಲಿತ ಹಾಡಂತೆ. ಅದರಲ್ಲಿ ಒಬ್ಬ ಹೊಸದಾಗಿ ಮದುವೆಯಾದವನು ಹೆಂಡತಿಯನ್ನು, ಅಂದರೆ ಹಾಡಿನ ಗೆಣತಿಯನ್ನು, ಗಾಡಿಯಲ್ಲಿ ಕೂಡ್ರಿಸಿಕೊಂಡು ಹೊರಡುತ್ತಾನಂತೆ. ಊರು ದಾಟಿದ ಮೇಲೆ ಅವನು ಏನು ಹೇಳುತ್ತಾನೆ ಎಂಬುದನ್ನು ಇವರು ನನಗೆ ಒಮ್ಮೆಯೂ ಹಾಡಿ ತೋರಿಸಲಿಲ್ಲ.

"ಊರ ದಾಟಿ ಭಾಳ ಹೊತ್ತಾತು. ಈಗರ ಹೇಳ್ರಿ, ಮನಸಿನಾಗ ಏನೈತಿ?" ಅಂದೆ.

"ಅದನ್ನ ನಾಟಕದಾಗ ಕೇಳಬೇಕು. ಪೆಟಗಿ, ತಬಲಾ ಇಲ್ಲದ ಬರೇ ಬಾಯಿಲೆ ಹೇಳಿದ್ರ ಮಜಾ ಹೋಗತೈತಿ." ಪೆಟಗಿ ಅಂದರೆ ಹಾರ್ಮೋನಿಯಂ.

"ಮರತೇನಿ ಅನ್ರಿ, ಮುಗೀತು."

"ನಾ ಯಾಕ ಮರೀಲಿ? ಕಂಪನಿ ಬರ್ಲಿ, ಕರಕೊಂಡ ಹೋಗಿ ಮುಂದಿನ ಸಾಲಿನ್ಯಾಗ ಕುಂಡ್ರಸ್ತೇನಿ. ಆಗ ನಿನ್ನ ಮಾರಿ ನೋಡಬೇಕು ನಾ."

ನಕ್ಕು ಲಿಂಬೆಹಣ್ಣಿನ ಮಾರ್ಕೆಟ್ಟಿಗೆ ಹೋದರು. ಇಂಡಿಯಲ್ಲಿ ರೈತರಿಂದ ಲಿಂಬೆಹಣ್ಣು ಕೊಂಡು, ಆರಿಸಿ, ಚೀಲ ತುಂಬಿ ಲಾರಿಗೆ ಹಾಕಿಸುವುದು ಅವರ ಕೆಲಸ. ಸಂಜೆ ಬಂದು ಬೇಳೆಗೆ ಉಪ್ಪು ಕಡಿಮೆಯಾಗಿದೆ ಅಂದರು, ಉಂಡರು, ಮಲಗಿದರು. ಮರುದಿನ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಎರಡು ರಾಶಿಗಳ ನಡುವೆ ಕುಳಿತವರು ಮತ್ತೆ ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಯಾರೋ ಅವರ ಟಾವೆಲನ್ನೇ ಅವರ ಮುಖಕ್ಕೆ ಮುಚ್ಚಿದ್ದರು.

ಆಮೇಲೆ ನನಗೆ ಒಂದು ಕಡೆ ಕೂಡಲು ಆಗುತ್ತಿರಲಿಲ್ಲ. ಮಡಚಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚುತ್ತಿದ್ದೆ. ಹೊಲಿಗೆ ಮಷಿನ್ನಿನ ಮುಂದೆ ಕುಳಿತರೆ ಒಂದು ಕುಪ್ಪಸದ ತೋಳು ಮುಗಿಯುವುದರೊಳಗೆ ನಾಲ್ಕು ಸಲ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೆ. ತಲೆಯಲ್ಲಿ ಆ ಎರಡು ಸಾಲು ತಾವಾಗಿಯೇ ಶುರುವಾಗುತ್ತಿದ್ದವು. "ಮನಸಿನಾಗ ಏನೈತಿ" ಅನ್ನುವಲ್ಲಿಗೆ ಬಂದು ನಿಲ್ಲುತ್ತಿದ್ದವು. ಮತ್ತೆ ಮೊದಲಿನಿಂದ. ಸೊಲ್ಲಾಪುರಕ್ಕೆ ಕೊಟ್ಟ ನನ್ನ ಮಗಳು ಫೋನಿನಲ್ಲಿ ಹುಡುಕಿದಳು. ಏನೇನೋ ಗಾಡಿಯ ಹಾಡು ಸಿಕ್ಕವು, ಇದು ಸಿಗಲಿಲ್ಲ. ಅದು ಆ ನಾಟಕ ಕಂಪನಿಯವರೇ ತಮಗಾಗಿ ಕಟ್ಟಿಕೊಂಡ ಹಾಡು. ಅವರು ಆಡಿದಲ್ಲಿ ಮಾತ್ರ ಕೇಳಬೇಕು.

ಏಳು ತಿಂಗಳಾದ ಮೇಲೆ ಸಿಂದಗಿಯಿಂದ ಗೆಳತಿಯ ಫೋನು ಬಂತು. ನಾವಿಬ್ಬರೂ ಹತ್ತನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕುಳಿತವರು.

"ಲೇ, ಮುದ್ದೇಬಿಹಾಳದಾಗ ಕಂಪನಿ ಕ್ಯಾಂಪ್ ಹಾಕೈತಿ. ನಮ್ಮವರು ಹೋಗಿ ವಿಚಾರಿಸಿ ಬಂದಾರ, ನಿಮ್ಮವರು ಹಾಡತಿದ್ರಲ್ಲ, ಗಾಡಿ ಹಾಡು, ಅದ ನಾಟಕ. ರವಿವಾರ ಮೂರರ ಆಟಕ್ಕ ಹೋಗೂಣು. ಶನಿವಾರನ ನಮ್ಮನಿಗೆ ಬಂದಬಿಡು."

ಕೂತಲ್ಲಿಂದ ಎದ್ದು ನಿಂತೆ. ಆದರೂ, "ಹೆಂಗ ಬರ್ಲೆ? ಇನ್ನೂ ವರ್ಷ ತುಂಬಿಲ್ಲ. ಮಂದಿ ಏನ ಅಂತಾರ?" ಅಂದೆ.

ಅವಳ ಅತ್ತೆ ಫೋನು ಕಸಿದುಕೊಂಡರು. "ಯವ್ವಾ, ನಮ್ಮವರು ಹೋದಾಗ ನಾ ವರ್ಷಾನಗಟ್ಟಲೆ ಹೊಸ್ತಲಾ ದಾಟಲಿಲ್ಲ. ಮಂದಿ ಏನ ಕೊಟ್ರು? ಮೊಣಕಾಲ ಬ್ಯಾನಿ ಒಂದ ಉಳೀತು. ಸುಮ್ಮ ಬಾ."

ಶನಿವಾರ ಬಸ್ಸು ಹಿಡಿದು ಸಿಂದಗಿಗೆ ಹೋದೆ. ಗೆಳತಿ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದಳು, ಹೋಳಿಗೆ ಮಾಡಿ ಬಡಿಸಿದಳು. ನನ್ನ ಕಣ್ಣು ಗಡಿಯಾರದ ಮೇಲೆಯೇ ಇತ್ತು. ಮೂರನೆಯ ಸಾಲು ಈಗ ಒಂದು ದಿನದ ದಾರಿಯಲ್ಲಿದೆ ಅನಿಸುತ್ತಿತ್ತು. ಜೊತೆಗೆ ಒಂದು ಭಯ. ಅದು ಬರೀ ಚೇಷ್ಟೆಯ ಮಾತಾಗಿದ್ದರೆ? ಅಥವಾ ಹೌದು, ಇವರು ನನಗಾಗಿಯೇ ಕಾಯ್ದಿಟ್ಟಿದ್ದರು ಅನ್ನಿಸುವಂಥ ಮಾತಾಗಿದ್ದರೆ, ಅದನ್ನು ಕೇಳಿ ನಾನು ಅಷ್ಟು ಜನರ ನಡುವೆ ಹೇಗೆ ಕೂಡಲಿ?

ರವಿವಾರ ಬೆಳಿಗ್ಗೆ ಅವರ ಕಾರಿನಲ್ಲಿ ಹೊರಟೆವು. ಗೆಳತಿಯ ಗಂಡ ಹೈಸ್ಕೂಲ್ ಮಾಸ್ತರರು, ಕಾರು ಕಲಿತು ಇನ್ನೂ ವರ್ಷವಾಗಿರಲಿಲ್ಲ. ಮುಂದೆ ಏನು ಕಂಡರೂ ನಿಧಾನ ಮಾಡುತ್ತಿದ್ದರು. ಹಿಂದೆ ನನ್ನ ಪಕ್ಕದಲ್ಲಿ ಕುಳಿತ ಅತ್ತೆ ಸುಮ್ಮನಿರಲಿಲ್ಲ.

"ನೋಡಪಾ, ಕುರಿನೂ ನಮ್ಮನ್ನ ಹಿಂದ ಹಾಕಿ ಹೊಂಟಾವ."

"ಯವ್ವಾ, ಕುರಿ ರಸ್ತೆ ದಾಟಾಕತ್ತಾವು."

"ದಾಟಿದ ಮ್ಯಾಲೂ ನೀ ಇಲ್ಲೇ ನಿಂತಿ ಅಲ್ಲ! ಇಕಿ ಬಸ್ಸಿಗೆ ಹೋಗಿದ್ರ ಈಟೊತ್ತಿಗೆ ನಾಟಕ ನೋಡಿ ತಿರುಗಿ ಮನಿ ಸೇರತಿದ್ಲು."

ಬಸವನ ಬಾಗೇವಾಡಿಯಲ್ಲಿ ಗುಡಿಗೆ ಹೋಗಿ, ಹೊರಗೆ ನೆರಳು ನೋಡಿ ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಉಂಡು ಎದ್ದರೆ ಮಾಸ್ತರರು ಇಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನಾನು ಕಾರಿನ ಸುತ್ತ ತಿರುಗುತ್ತಿದ್ದೆ.

"ಕುಂಡ್ರಲೇ, ಬರ್ತಾರ. ಟೈರ ಸವಿಯೂದು ಬಿಟ್ಟು ನಿನ್ನ ಕಾಲ ಸವಿಯಾಕತ್ತಾವ," ಅಂದಳು ಗೆಳತಿ.

ಅವರು ಪೇಟೆಯ ಕಡೆಯಿಂದ ಒಂದು ಚೀಲ ಹಿಡಿದು ಬಂದರು. ಏನು ಎಂದು ಯಾರೂ ಕೇಳಲಿಲ್ಲ. ನಾನಂತೂ ಎರಡು ಗಂಟೆಯಾಯಿತಲ್ಲ ಅನ್ನುವ ಗಾಬರಿಯಲ್ಲೇ ಇದ್ದೆ.

ಮುದ್ದೇಬಿಹಾಳದ ಆ ಥಿಯೇಟರಿಗೆ ತಗಡಿನ ಗೋಡೆ, ಮೇಲೆ ತಾಡಪತ್ರಿ, ಒಳಗೆ ಪ್ಲಾಸ್ಟಿಕ್ ಕುರ್ಚಿ. ಮಾಸ್ತರರು ಮೊದಲೇ ಹೇಳಿಸಿ ಮುಂದಿನ ಸಾಲಿನಲ್ಲೇ ಜಾಗ ಹಿಡಿಸಿದ್ದರು. ಪರದೆಯ ಎಡಗಡೆ ಪೆಟಗಿ ಮಾಸ್ತರ, ಮುದುಕರು, ದಪ್ಪ ಕನ್ನಡಕ. ಪಕ್ಕದಲ್ಲಿ ತಬಲಾದವನು. ಮೂರರ ಆಟ ಮೂರೂವರೆಗೆ ಶುರುವಾಯಿತು. ಮೊದಲಿನ ಒಂದು ತಾಸು ಹಾಸ್ಯದವರದೇ. ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಕಿವಿಗೆ ಒಂದು ಮಾತೂ ಬೀಳಲಿಲ್ಲ.

ಕಡೆಗೆ ಮರದ ಗಾಡಿಯ ಒಂದು ಬದಿ ರಂಗದ ಮೇಲೆ ಬಂತು. ಹೀರೋ ತಲೆಗೆ ಪಟಗಾ ಸುತ್ತಿಕೊಂಡು ನಿಂತ, ಗೆಣತಿ ನಾಚಿಕೊಂಡು ಗಾಡಿ ಏರಿದಳು. ಗೆಳತಿಯ ಗಂಡ ನನ್ನ ಪಕ್ಕದಿಂದ ಎದ್ದು ಎಲ್ಲಿಗೋ ಹೋದರು. ಪೆಟಗಿ ನುಡಿಯಿತು. ನಮ್ಮ ಮನೆಯವರು ಹಾಡುತ್ತಿದ್ದುದಕ್ಕಿಂತ ಸ್ವಲ್ಪ ಚುರುಕು, ಆದರೆ ಅದೇ ಧಾಟಿ. ಜೋಡೆತ್ತಿನ ಗಾಡಿ ಹೂಡೇನಿ. ನಾನು ಕುರ್ಚಿಯ ಅಂಚಿಗೆ ಬಂದೆ. ಅವನು ಎರಡೂ ಸಾಲು ಹಾಡಿದ, ಮತ್ತೊಮ್ಮೆ ಹಾಡಿದ, ಗಾಡಿಯ ಗೂಟ ಹಿಡಿದು ಗೆಣತಿಯ ಕಡೆ ಬಾಗಿದ, ಉಸಿರು ಎಳೆದುಕೊಂಡ.

ಆಗ ಪಕ್ಕದಿಂದ ಮೈಕು ಹಿಡಿದವನು ಕೈ ಎತ್ತಿ ಓಡಿಬಂದ. ಪೆಟಗಿ ನಿಂತಿತು.

ನಮ್ಮ ಕಡೆ ಮದುವೆಯಲ್ಲಿ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದಕ್ಕೆ ಆಯೇರಿ ಅನ್ನುತ್ತಾರೆ. ನಾಟಕದಲ್ಲಿಯೂ ಪಾತ್ರ ಮೆಚ್ಚಿದವರು ಆಯೇರಿ ಮಾಡುತ್ತಾರೆ. ಆಯೇರಿ ಬಂತೆಂದರೆ ರಾಜ ಸಾಯುತ್ತಿದ್ದರೂ ಆಟ ನಿಲ್ಲಬೇಕು, ಕೊಟ್ಟವರ ಹೆಸರು ಕೂಗಬೇಕು.

"ಇಂಡಿಯ ಲಿಂಬಿಹಣ್ಣಿನ ವ್ಯಾಪಾರಸ್ಥರು, ಕಲಾಭಿಮಾನಿಗಳು," ಅಂದು ಮೈಕಿನವನು ಚೀಟಿ ನೋಡಿ ನಮ್ಮ ಮನೆಯವರ ಹೆಸರು ಓದಿದ. ಅವರ ತಂದೆಯ ಹೆಸರು, ಅಡ್ಡಹೆಸರು ಸಮೇತ ಓದಿದ. "ಈ ಹಾಡಿಗೆ ಮೆಚ್ಚಿ ಶಾಲು, ಟಾವೆಲ್ ಆಯೇರಿ ಮಾಡ್ಯಾರ. ಅವರಿಗೆ ದೇವರು ನೂರ ವರ್ಷ ಆಯುಷ್ಯ ಕೊಡ್ಲಿ! ಜೋರ ಚಪ್ಪಾಳಿ!"

ಇಡೀ ಥಿಯೇಟರು ಚಪ್ಪಾಳೆ ಹೊಡೆಯಿತು. ಮಾಸ್ತರರು ರಂಗ ಹತ್ತಿ ಆ ಚೀಲದ ಶಾಲು ಹೀರೋಗೆ ಹೊದಿಸಿ ಇಳಿದು ಬಂದು ನನ್ನ ಪಕ್ಕ ಕುಳಿತರು.

"ದಿವಂಗತ ಅಂತ ಬರಿಯಾಕ ಕೈ ಏಳಲಿಲ್ರಿ ಅಕ್ಕಾರ. ಅಣ್ಣಾರ ಹೆಸರು ಈ ಹಾಡಿನ್ಯಾಗ ಬರ್ಲಿ ಅಂತ, ಸರೀ ಇಲ್ಲೇ ನಿಲ್ಲಸ್ರಿ ಅಂತ ಹೇಳಿಟ್ಟಿದ್ದೆ."

ಅವರಿಗೂ ಗೊತ್ತಿದ್ದದ್ದು ಎರಡೇ ಸಾಲು. ಹಾಡು ಅಲ್ಲಿಗೇ ಮುಗಿಯುತ್ತದೆ ಅಂದುಕೊಂಡಿದ್ದರು.

ಹೀರೋ ಶಾಲು ಹೊದ್ದುಕೊಂಡೇ ಕೈ ಮುಗಿದ. ಆಯೇರಿ ಕೊಟ್ಟವರ ಸಲುವಾಗಿ ಮತ್ತೆ ಮೊದಲಿನ ಎರಡು ಸಾಲು ಹಾಡಿದ. ಈಗ ಬರುತ್ತದೆ ಅಂದುಕೊಂಡೆ. ಆದರೆ ಹೊತ್ತು ಮೀರಿತ್ತೋ ಏನೋ, ಗೆಣತಿಯ ಅಣ್ಣ ಬಡಿಗೆ ಹಿಡಿದು ರಂಗಕ್ಕೆ ನುಗ್ಗಿದ. ಗಾಡಿ ಒಳಗೆ ಹೋಯಿತು. ಜಗಳ ಶುರುವಾಯಿತು.

ಗೆಳತಿ ನನ್ನ ಕೈ ಹಿಡಿದು ಅಳುತ್ತಿದ್ದಳು. "ಹೆಂಗ ಕೂಗಿದ್ರಲೇ ಹೆಸರು! ಅವರು ಇಲ್ಲೇ ಎಲ್ಲೋ ಕುಂತಾರ ಅನಿಸ್ತು." ನನಗೆ ಎದ್ದು ಚೀರಬೇಕು ಅನ್ನಿಸಿತು. ಯಾರ ಮೇಲೆ ಚೀರಲಿ? ಹೌದು ಅನ್ನುವಂತೆ ತಲೆ ಅಲ್ಲಾಡಿಸಿದೆ.

ಆಟ ಮುಗಿದ ಮೇಲೆ ಮಾಸ್ತರರು ಕಾರು ತರಲು ಹೋದರು. ಪಾತ್ರದವರಿಗೆ ಒಂದು ಮಾತು ಹೇಳಿ ಬರುತ್ತೇನೆ ಅಂದು ನಾನು ತಗಡಿನ ಹಿಂದಕ್ಕೆ ಹೋದೆ. ಹೀರೋ ಬನಿಯನ್ನಿನಲ್ಲಿ ಕುಳಿತು ಕೊಬ್ಬರಿ ಎಣ್ಣೆಯಿಂದ ಬಣ್ಣ ತೆಗೆಯುತ್ತಿದ್ದ. ಹತ್ತಿರದಿಂದ ನೋಡಿದರೆ ನನ್ನ ವಯಸ್ಸಿನವನೇ.

"ಬರ್ರಿ ಅವ್ವಾರ. ಆಯೇರಿ ನಿಮ್ಮ ಮನಿದೇನ್ರಿ? ಯಜಮಾನರು ಎಲ್ಲದಾರ್ರಿ?"

"ಬಂದಿಲ್ರಿ," ಅಂದೆ. ಆಮೇಲೆ ಕೇಳಿಯೇ ಬಿಟ್ಟೆ. "ಮನಸಿನಾಗ ಏನೈತಿ ಅಂದ ಮ್ಯಾಲ ಮುಂದಿನ ಸಾಲು ಏನ್ರಿ?"

ಅವನು ನಕ್ಕ. "ಇಲ್ಲಿದು ಬೇಕೋ, ಹಿಂದಿನ ಕ್ಯಾಂಪಿಂದು ಬೇಕೋ? ಅದು ಊರಿಗೊಂದ ಐತ್ರಿ. ಮಾಸ್ತರ, ಇಲ್ಲೆ ಬರ್ರಿ."

ಪೆಟಗಿ ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ ಬಂದರು. ಆ ಸಾಲನ್ನು ಬರೆಯುವಾಗಲೇ ಖಾಲಿ ಬಿಟ್ಟಿದ್ದಾರಂತೆ. ಕ್ಯಾಂಪು ಹಾಕಿದ ಊರಿಗೆ ತಕ್ಕಂತೆ ಅಲ್ಲೇ ಕಟ್ಟಿ ಹಾಡುವುದು ಪದ್ಧತಿ. "ಇಲ್ಲಿದು ಇದು ನೋಡ್ರಿ," ಅಂದು ಸಣ್ಣ ದನಿಯಲ್ಲಿ ಹಾಡಿದರು.

ಮುದ್ದೇಬಿಹಾಳ ಮುಟ್ಟೂ ತನಕ ಮಾತಾಡಬ್ಯಾಡ ಅಂದೇನಿ.

ಹೀರೋ ತೊಡೆ ತಟ್ಟಿ ನಕ್ಕ. "ಇದಕ್ಕ ಗಂಡಸರು ಸೀಟಿ ಹೊಡೀತಾರ್ರಿ, ಹೆಂಗಸರು ಬೈತಾರ."

"ಸಿಂದಗ್ಯಾಗ ಬ್ಯಾರೆ," ಅಂದರು ಮುದುಕರು. "'ಸಿಂದಗಿ ಸಂತ್ಯಾಗ ಕಳದಿ ಅಂದ್ರ ನಿನ್ನ ಹೆಸರ ಕೂಗೇನಿ.' ತಾಂಬಾದಾಗ ಲಿಂಬಿ ಗಿಡದ್ದು ಮಾಡಿದ್ವಿ. 'ಲಿಂಬಿ ಗಿಡದ ನೆಳ್ಳಿಗೆ ಕುಂತು ನಿನ್ನ ಸಿಟ್ಟ ಇಳಸೇನಿ.' ತಾಳಿಕೋಟ್ಯಾಗ ಬಳಿ ಇಡಸೂ ಸಾಲು. ಮೂವತ್ತೈದು ವರ್ಷ ಆತ್ರಿ ನಾ ಪೆಟಗಿ ಹಿಡದು, ಎಲ್ಲಾ ಬಾಯಾಗ ಅದಾವ. ನಿಮ್ಮವರು ಯಾವ ಊರಾಗ ನೋಡಿದ್ರು ಹೇಳ್ರಿ, ಅದನ್ನ ಹಾಡತೇನಿ."

"ಗೊತ್ತಿಲ್ರಿ," ಅಂದೆ. ಇಪ್ಪತ್ತಾರು ವರ್ಷ "ಮುಂದ ಏನು" ಅಂತ ಕೇಳಿದ್ದೆ. "ಎಲ್ಲಿ ನೋಡಿದ್ರಿ" ಅಂತ ಒಮ್ಮೆಯೂ ಕೇಳಿರಲಿಲ್ಲ.

"ಕೇಳಿ ಬಂದು ಹೇಳ್ರಿ," ಅಂದರು ಮುದುಕರು. "ಇನ್ನೂ ಒಂದ ತಿಂಗಳ ಇಲ್ಲೇ ಇರ್ತೇವಿ."

ಹೊರಗೆ ಹಾರ್ನ್ ಕೇಳಿತು. ಕಾರಿನಲ್ಲಿ ಮಾಸ್ತರರು ಹಿಂತಿರುಗಿ, "ಅಕ್ಕಾರ, ಸಮಾಧಾನ ಆತಿಲ್ರಿ?" ಅಂದರು. "ಆತ್ರಿ ಅಣ್ಣಾರ. ಹೆಸರು ಕೇಳಿ ಭಾಳ ಛಲೋ ಅನಿಸ್ತು," ಅಂದೆ. ಅದು ಸುಳ್ಳಾಗಿರಲಿಲ್ಲ. ಅಷ್ಟು ಜನ ಅವರ ಹೆಸರಿಗೆ ಚಪ್ಪಾಳೆ ಹೊಡೆದದ್ದು ಹಿಂದೆ ಎಂದೂ ಇರಲಿಲ್ಲ. ಅತ್ತೆ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು.

ಇಂಡಿಗೆ ಬಂದ ಮರುದಿನದಿಂದ ನಾನು ಮನೆ ಮನೆ ತಿರುಗಿದೆ. ನಾದಿನಿ, "ಸಾಲೋಟಗಿಯಾಗ ಇರಬೇಕು," ಅಂದಳು, ಆಮೇಲೆ ಅದು ಬೇರೆ ನಾಟಕ ಅಂದಳು. ಮಾರ್ಕೆಟ್ಟಿನಲ್ಲಿ ಅವರ ಜೊತೆ ಚೀಲ ತುಂಬುತ್ತಿದ್ದವರು, "ತಾಳಿಕೋಟಿನ, ಆಣಿ ಮಾಡಿ ಹೇಳ್ತೇನಿ," ಅಂದರು. ಹಾಗೆ ಆಣೆ ಮಾಡಿದವರದೇ ತಮ್ಮ ಸಿಂದಗಿ ಅಂದ. ನಮ್ಮ ಮನೆಯವರು ಮದುವೆಗೆ ಮೊದಲು ತಾಂಬಾದ ಸೋದರಮಾವನ ಮನೆಯಲ್ಲಿ ಒಂದು ವರ್ಷ ಇದ್ದರು ಎಂಬುದೂ ತಿಳಿಯಿತು. ಅದನ್ನೂ ನಾನು ಆಗಲೇ ಮೊದಲು ಕೇಳಿದ್ದು. ಒಂದು ದಿನ ಅವರು ಸಂತೆಯಲ್ಲಿ ನನ್ನ ಹೆಸರು ಕೂಗುವವರಾಗುತ್ತಿದ್ದರು, ಇನ್ನೊಂದು ದಿನ ನನ್ನ ಸಿಟ್ಟು ಇಳಿಸುವವರು, ಮತ್ತೊಂದು ದಿನ ನನಗೆ ಬಳೆ ಇಡಿಸುವವರು. ಮೂವರೂ ಅವರೇ ಆಗಿರಬಹುದು. ಆದರೆ ಅಂದು ಗಡ್ಡ ಮಾಡಿಕೊಳ್ಳುತ್ತ ಅವರ ಬಾಯಿಯ ತುದಿಗೆ ಬಂದು ನಿಂತದ್ದು ಒಂದೇ ಸಾಲು.

ತಿಂಗಳು ಕಳೆದು ಕಂಪನಿ ಮುದ್ದೇಬಿಹಾಳ ಬಿಟ್ಟು ಹೋಯಿತು. ನಮ್ಮ ಮನೆಯವರು ಆ ನಾಟಕವನ್ನು ಯಾವ ಊರಿನಲ್ಲಿ ನೋಡಿದ್ದರು ಎಂಬುದು ನನಗೆ ಇನ್ನೂ ಗೊತ್ತಾಗಿಲ್ಲ.