ಮ್ಯಾನೇಜರ ಚನ್ನವೀರಪ್ಪನವರು

ಸೋಮವಾರ ಮುಂಜಾನೆ ಚನ್ನವೀರಪ್ಪನವರ ಕಿರಾಣಿ ಅಂಗಡಿಗೆ ಹೋದರೆ ಅವರ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಹಿಂದಿನ ದಿನ ಮ್ಯಾಚು ಆಗಿರುತ್ತಿತ್ತು. ಧೋತರದ ಕಚ್ಚೆ ಬಿಗಿದು, ಗೆರೆಯ ಗುಂಟ ಆ ತುದಿಯಿಂದ ಈ ತುದಿಗೆ ಓಡಾಡಿ, ಹನ್ನೊಂದು ಮಂದಿಯ ಹೆಸರು ಹಿಡಿದು ಕೂಗಿ ಕೂಗಿ ಗಂಟಲು ಹೋಗಿರುತ್ತಿತ್ತು. ಬೆಲ್ಲ ಬೇಕೆಂದರೆ ತಲೆ ಆಡಿಸುವರು, ಬೆಲ್ಲ ತೀರಿದ್ದರೆ ಎರಡೂ ಕೈ ಚೆಲ್ಲುವರು. ಗಿರಾಕಿಗಳು ಸಾಮಾನು ತಗೊಂಡ ಮೇಲೂ ಹೋಗುತ್ತಿರಲಿಲ್ಲ. ಗೋಲು ಹೇಗಾಯಿತು ಅಂತ ಕೇಳುವರು. ಆಗ ಅವರು ಅಂಗಡಿಯಿಂದ ಕೆಳಗಿಳಿದು, ನಡುಬೀದಿಯಲ್ಲಿ ಕಾಲು ಬೀಸಿ ತೋರಿಸುವರು.

ಹಾನಗಲ್ಲಿನ ನಮ್ಮ ಫುಟ್‌ಬಾಲ್ ಟೀಮಿಗೆ ಅವರೇ ಮ್ಯಾನೇಜರರು. ತಾವು ಒಂದು ದಿನವೂ ಚೆಂಡು ಒದ್ದವರಲ್ಲ. ಆದರೆ ಊರಿನ ಯಾವ ಹುಡುಗ ಓಡಿದರೂ ಅವರ ಕಣ್ಣು ಅವನ ಕಾಲಿಗೇ ಹೋಗುತ್ತಿತ್ತು. ಪಿಂಜಾರರ ಹುಸೇನನನ್ನು ಅವರು ಹುಡುಕಿದ್ದು ಅವನು ಬೀದಿನಾಯಿಗೆ ಹೆದರಿ ಓಡುತ್ತಿದ್ದಾಗ. ಒಕ್ಕಲಿಗರ ನೀಲವ್ವನ ಒಬ್ಬನೇ ಮಗ ಬಸಣ್ಣನನ್ನು ಹೊಲದಿಂದ ಎಬ್ಬಿಸಿಕೊಂಡು ಬಂದರು. ನಾನು ಪೇಟೆಯಲ್ಲಿ ಅಕ್ಕಿ ಚೀಲ ಎತ್ತುತ್ತಿದ್ದೆ. ಒಂದು ಚೀಲ ಜಾರಿದಾಗ ಗಾಳಿಯಲ್ಲೇ ಹಿಡಿದದ್ದನ್ನು ನೋಡಿ, "ಶಿವಲಿಂಗ, ನಾಳಿಂದ ನಮ್ಮ ಗೋಲು ಕಾಯಾಂವ ನೀನ" ಅಂದರು.

ಸವಣೂರಿನವರ ಮೇಲೆ ನಾವು ಗೆದ್ದ ಕಥೆಯನ್ನು ಊರಿನ ಹಳೇ ಮಂದಿ ಈಗಲೂ ನಗುತ್ತ ಹೇಳುತ್ತಾರೆ. ಸವಣೂರಿನವರು ದೊಡ್ಡ ಮನಸ್ಸಿನವರು. ಮ್ಯಾಚಿಗೆ ಮೊದಲು ಹೋಳಿಗೆ, ತುಪ್ಪ ಬಡಿಸಿ, ಆಮೇಲೆ ನಮ್ಮನ್ನು ಹೊಟ್ಟೆಭಾರದ ಎಮ್ಮೆಗಳಂತೆ ಓಡಾಡಿಸಿ ಸೋಲಿಸುತ್ತಿದ್ದರು. ಒಂದು ವರ್ಷ ಮ್ಯಾನೇಜರರು ಎಲೆಯ ಮುಂದೆ ಕೂತ ನಮಗೆ ಕಣ್ಣು ಬಿಟ್ಟರು. "ಯಾರೂ ತುತ್ತು ಮುಟ್ಟಬ್ಯಾಡ್ರಿ. ಬಡಿಸಿದವರಿಗೆ ಅವಮಾನ ಆಗಬಾರದು, ಎಲ್ಲಾರ ಪಾಲಿಂದೂ ನಾ ಉಣ್ತೇನಿ." ಖರೇನೇ ಉಂಡರು. ಮ್ಯಾಚು ನಡೆದಾಗ ಬೇವಿನ ಗಿಡದ ಕೆಳಗೆ ಅಂಗಾತ ಬಿದ್ದಿದ್ದರು. ನಾವು ಗೆದ್ದು ಓಡಿಹೋಗಿ ಎಬ್ಬಿಸಿದರೆ ಏಳಲಾರದೆ, ಮಲಗಿದಲ್ಲೇ ಅತ್ತರು.

ಎರಡನೇ ಮಹಾಯುದ್ಧ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಮ್ಮೂರಲ್ಲಿ ಶಿಗ್ಗಾಂವದವರ ಕೂಡ ಮ್ಯಾಚು. ಮಿಲಿಟರಿ ಭರತಿಯವರ ಮೋಟಾರು ಬಯಲಿನ ಬದಿಗೆ ಬಂದು ನಿಂತಿತು. ಅದರಿಂದ ಒಬ್ಬ ಸುಬೇದಾರ ಇಳಿದು, ಕೈ ಕಟ್ಟಿಕೊಂಡು ಕೊನೆಯವರೆಗೂ ಆಟ ನೋಡಿದ. ಮುಗಿದ ಮೇಲೆ, ಹುಡುಗರು ಭಾರೀ ಗಟ್ಟಿ ಇದ್ದಾರೆ ಅಂದ. ಅಷ್ಟು ಸಾಕಾಯಿತು ನಮ್ಮ ಮ್ಯಾನೇಜರರಿಗೆ. ಹಿಗ್ಗಿಹೋದರು. ತಾವೇ ಚಹಾ ತರಿಸಿದರು. ನಮ್ಮನ್ನು ಸಾಲಾಗಿ ನಿಲ್ಲಿಸಿ, ಬಸಣ್ಣನ ಮೀನಖಂಡ ಒತ್ತಿ ತೋರಿಸಿದರು. "ಸಾಹೇಬ್ರ, ಇಂಥಾ ಕಾಲು ಇಡೀ ಧಾರವಾಡ ಜಿಲ್ಲಾದಾಗ ಸಿಗೂದಿಲ್ರಿ!"

ಸುಬೇದಾರ, ಮಿಲಿಟರಿಗೆ ಯಾರು ಬರುತ್ತೀರಿ ಅಂತ ಹೆಸರು ಕೇಳಿದ. ತುಟ್ಟಿಯ ಕಾಲ, ಪೇಟೆಯಲ್ಲಿ ಕೆಲಸ ಕಡಿಮೆಯಾಗಿತ್ತು. ಹುಸೇನ, "ಹೊಟ್ಟಿ ತುಂಬ ಊಟಾನೂ ಕೊಡ್ತಾರ, ಬೂಟೂ ಕೊಡ್ತಾರ" ಅಂತ ಮೊದಲು ಮುಂದೆ ಬಂದ. ಅವನ ಹಿಂದೆ ಬಸಣ್ಣ, ನಾನು, ಇನ್ನಿಬ್ಬರು. ಮ್ಯಾನೇಜರರ ಕೈಯಲ್ಲಿದ್ದ ಕಪ್ಪು ಹಾಗೇ ನಿಂತುಬಿಟ್ಟಿತು. ಆದರೂ ಅದೆಲ್ಲ ಬಾಯಿಮಾತು, ಯಾರೂ ಕರೆಯುವುದಿಲ್ಲ ಅಂದುಕೊಂಡರು.

ವಾರ ತುಂಬುವುದರೊಳಗೆ ಕರೆ ಬಂತು. ನಮ್ಮನ್ನು ಲಾರಿಯಲ್ಲಿ ಹಾವೇರಿ ಸ್ಟೇಶನ್ನಿಗೆ ಒಯ್ದರು. ಅತ್ತ ಲಾರಿ ಹೊರಟಿದ್ದೇ ತಡ, ಇತ್ತ ನೀಲವ್ವ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಳಂತೆ. ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

"ಎತ್ತಿನ ಸಂತ್ಯಾಗ ತೋರಿಸಿದಂಗ ನನ್ನ ಮಗನ ಕಾಲು ಒತ್ತಿ ತೋರಿಸಿದ್ಯಂತಲ್ಲೋ ಯಪ್ಪಾ? ಅಂವ ಮೆಚ್ಚಿದ. ಹೊಡಕೊಂಡು ಹ್ವಾದ" ಅಂದಳು.

ಮ್ಯಾನೇಜರರು ಅಂಗಡಿಯ ಬಾಗಿಲನ್ನೂ ಹಾಕದೆ ಸೈಕಲ್ ಹತ್ತಿದರು. ಬರಿಗಾಲು, ಸುಡು ಬಿಸಿಲು, ಕಲ್ಲಿನ ಹಾದಿ. ನಾವು ಸ್ಟೇಶನ್ನಿನ ಮುಂದೆ ಸಾಲಿನಲ್ಲಿ ನಿಂತಿದ್ದೆವು. ಗಾಡಿ ಬರುವ ಹೊತ್ತಾಗಿತ್ತು. ಅವರನ್ನು ನೋಡಿ ಮೊದಲು ನನಗೆ ಗುರುತೇ ಹತ್ತಲಿಲ್ಲ. ಎಲ್ಲೋ ಬಿದ್ದು ಮೊಣಕಾಲು ಒಡೆದಿತ್ತು, ಧೋತರಕ್ಕೆಲ್ಲ ರಕ್ತ ಹತ್ತಿತ್ತು.

"ಸಾಬ್, ಏ ಮೇರಾ ಟೀಮ್ ಹೈ" ಅಂತ ಸುಬೇದಾರನ ಮುಂದೆ ಕೈ ಮುಗಿದರು. ಅವನು ಕಣ್ಣೆತ್ತಿ ನೋಡಲಿಲ್ಲ. "ಇವರನ್ನ ಬಿಡ್ರಿ, ಬೇಕಾದ್ರ ನನ್ನ ಒಯ್ರಿ" ಅಂದರು. ಐವತ್ತು ದಾಟಿದ, ಹೊಟ್ಟೆ ಬಂದ ಆ ಮನುಷ್ಯನನ್ನು ನೋಡಿ ಸಾಲಿಗೆ ಸಾಲೇ ನಕ್ಕಿತು. ಕೂಲಿಗಳೂ ನಕ್ಕರು. ಇಬ್ಬರು ಸಿಪಾಯಿಗಳು ಹಿಡಿದು ಅವರನ್ನು ಹಿಂದಕ್ಕೆ ನೂಕಿದರು. ಅವರು ಬಗ್ಗಿ, ನುಸುಳಿ ಬಂದು ಗಪ್ಪನೆ ನನ್ನ ರಟ್ಟೆ ಹಿಡಿದರು.

"ಇವಂಗ ಮೂರ್ಛಿರೋಗ ಐತ್ರಿ! ನಿಂತಲ್ಲೇ ಬೀಳ್ತಾನ, ಬಾಯಾಗ ನೊರಿ ಬರ್ತೈತಿ! ನಮ್ಮ ಊರಿಗೆಲ್ಲಾ ಗೊತ್ತೈತ್ರಿ!"

"ಸುಳ್ಳು!" ಅಂತ ನಾನು ಕಿರುಚಿದೆ. ಸಿಟ್ಟಿಗೆ ಮೈಯೆಲ್ಲ ನಡುಗತೊಡಗಿತು, ನಾಲಿಗೆ ತೊದಲಿತು, ಬಾಯಿಂದ ಉಗುಳು ಸಿಡಿಯಿತು. ಅಲ್ಲಿದ್ದ ಡಾಕ್ಟರು ನನ್ನನ್ನೊಮ್ಮೆ ನೋಡಿ ತಲೆ ಆಡಿಸಿದರು. ನನ್ನನ್ನು ಸಾಲಿನಿಂದ ಹೊರಗೆ ಹಾಕಿದರು.

ಗಾಡಿ ಬಂತು, ಹೋಯಿತು. ಮ್ಯಾನೇಜರರು ಡಬ್ಬಿಯ ಕಿಡಕಿ ಹಿಡಿದು ಪ್ಲ್ಯಾಟ್‌ಫಾರ್ಮಿನ ತುದಿಯವರೆಗೂ ಓಡಿದರು. ಒಳಗಿಂದ ಬಸಣ್ಣ ನಗುತ್ತ ಕೂಗಿದ: "ಸವಣೂರ ಮ್ಯಾಚಿಗೆ ಬರ್ತೇವ್ರಿ, ಜಾಗಾ ಯಾರಿಗೂ ಕೊಡಬ್ಯಾಡ್ರಿ!"

ಊರಿನವರೆಗೂ ನಾನು ಮುಂದೆ ಮುಂದೆ ನಡೆದೆ. ಅವರು ಸೈಕಲ್ ಹತ್ತದೆ, ನೂಕಿಕೊಂಡು ಹಿಂದೆ ಬಂದರು.

ನನಗಿಂತ ಮೊದಲೇ ಸುದ್ದಿ ಊರು ಮುಟ್ಟಿತ್ತು. ನಾನು ಸೀನಿದರೂ ಪಕ್ಕದವರು ಸರಿದು ನಿಲ್ಲತೊಡಗಿದರು. ಚೀಲ ಹೊತ್ತು ಬಿದ್ದೀಯ ಅಂತ ಪೇಟೆಯಲ್ಲಿ ಕೆಲಸ ಬಿಡಿಸಿದರು. ಚಿಕ್ಕೇರೂರಿನಲ್ಲಿ ನನಗೆ ಗೊತ್ತುಮಾಡಿದ್ದ ಹೆಣ್ಣಿನವರು ವೀಳ್ಯ ಮುರಿದರು. ನನ್ನವ್ವ ಅಂಗಡಿಗೆ ಹೋಗಿ ಅತ್ತಾಗ ಮ್ಯಾನೇಜರರು ಆ ದಿನವೇ ಚಿಕ್ಕೇರೂರಿಗೆ ಹೊರಟರು, ನನ್ನನ್ನೂ ಕರೆದುಕೊಂಡು.

ಹೆಣ್ಣಿನ ತಂದೆ ಕಟ್ಟೆಯ ಮೇಲೆ ಕೂತಿದ್ದ. ಮ್ಯಾನೇಜರರು ಕೊರಳ ಲಿಂಗ ಹಿಡಿದು, "ಇವಂಗ ಏನೂ ಇಲ್ರಿ, ಅವತ್ತ ನಾ ಸುಳ್ಳ ಹೇಳೇನಿ" ಅಂದರು.

ಆತ ನಿಧಾನವಾಗಿ ಕೇಳಿದ: "ಅಲ್ಲಿ ಇದ್ದದ್ದ ಹೇಳಿ ಇಲ್ಲಿ ಸುಳ್ಳ ಹೇಳಾಕತ್ತೀರೋ, ಅಲ್ಲಿ ಸುಳ್ಳ ಹೇಳಿ ಇಲ್ಲಿ ಖರೇ ಹೇಳಾಕತ್ತೀರೋ, ನಮಗ ಹ್ಯಾಂಗ ತಿಳೀಬೇಕ್ರಿ? ನಾವು ಹೆಣ್ಣ ಕೊಡೋರು."

ಮ್ಯಾನೇಜರರು ಲಿಂಗದ ಮೇಲಿನ ಕೈ ತೆಗೆದರು. ನನ್ನ ಕಡೆ ತಿರುಗಿದರು. ಅವರಿಗಿಂತ ನಾನೇ ಮೊದಲು ಎದ್ದು ಬಂದೆ.

ಉಳಿದವರನ್ನು ಕಟ್ಟಿಕೊಂಡು ಅವರು ಇನ್ನೂ ಕೆಲವು ಕಾಲ ಟೀಮು ನಡೆಸಿದರು. ನಾನು ಹೋಗಲಿಲ್ಲ. ಸವಣೂರಿನ ಮ್ಯಾಚಿಗೆ ಆರೇ ಮಂದಿ ಇಳಿದರಂತೆ. ನೋಡಲು ಹೋದವರು, "ಬ್ಯಾರೆ ಯಾರನ್ನರ ಹಾಕ್ಕೋರಿ" ಅಂದರೆ, ಮ್ಯಾನೇಜರರು "ಆ ಜಾಗಾ ಕೊಡೂಹಂಗಿಲ್ಲ" ಅಂದರಂತೆ. ಕೆಟ್ಟದಾಗಿ ಸೋತರು. ಆ ದಿನ ನಮ್ಮೂರ ಮಂದಿಯಲ್ಲಿ ಒಬ್ಬನೂ ಅವರನ್ನು ಬೈಯಲಿಲ್ಲ.

ಬಸಣ್ಣ ಬರ್ಮಾದ ಕಾಡಿನಲ್ಲಿ ಸತ್ತನೆಂದು ಸುದ್ದಿ ಬಂತು. ಹುಸೇನನ ಸುದ್ದಿ ಬರಲೇ ಇಲ್ಲ, ಇದ್ದಾನೆಂದೂ ಇಲ್ಲ, ಸತ್ತನೆಂದೂ ಇಲ್ಲ. ಅವನ ಅಪ್ಪ ಹತ್ತಿ ಹಿಂಜುವಾಗ ಮೋಟಾರಿನ ಸಪ್ಪಳ ಕೇಳಿದರೆ ಬಿಲ್ಲು ನಿಲ್ಲಿಸಿ ಕಿವಿಗೊಡುತ್ತಿದ್ದ. ಉಳಿದಿಬ್ಬರು ಯುದ್ಧ ಮುಗಿದ ಮೇಲೆ ಬಂದರು. ಬಯಲಿನ ಕಡೆ ಮುಖ ಹಾಕಲಿಲ್ಲ. ಬಸಣ್ಣನ ಸುದ್ದಿ ಬಂದ ದಿನ ಮ್ಯಾನೇಜರರು ಹೋಗಿ ನೀಲವ್ವನ ಅಂಗಳದಲ್ಲಿ ನಿಂತರು. ಆಕೆ ಕದ ತೆಗೆಯಲಿಲ್ಲ. ಬಿಸಿಲು ಇಳಿಯುವವರೆಗೂ ನಿಂತು ಹಿಂದಿರುಗಿದರು. ಅದಾದ ಮೇಲೆ ಅಂಗಡಿ ಬಿಟ್ಟುಕೊಟ್ಟು ಹಿರೇಕೆರೂರಿನ ಮಗಳ ಮನೆ ಸೇರಿದರು.

ನನಗೆ ಬಹಳ ತಡವಾಗಿ ಮದುವೆಯಾಯಿತು. ಶಿಗ್ಗಾಂವದ ಹೆಣ್ಣು. ನೋಡಲು ಹೋದಾಗ ಆಕೆ ನೇರವಾಗಿ, "ನಿಮಗ ಖರೇನ ಮೂರ್ಛಿ ಬರ್ತೈತೇನ್ರಿ?" ಅಂತ ಕೇಳಿದಳು. ಇಲ್ಲ ಅಂದೆ. "ಬಂದ್ರ ಬಂದಾಗ ನೋಡಿದ್ರಾತು" ಅಂದಳು. ಮ್ಯಾನೇಜರರಿಗೆ ಮೈಯಲ್ಲಿ ಹುಷಾರಿಲ್ಲ ಅಂತ ತಿಳಿದಾಗ, "ಹೋಗಿ ಬರೂಣು" ಅಂತ ನನ್ನನ್ನು ಎಬ್ಬಿಸಿದವಳೂ ಆಕೆಯೇ.

ಹಿರೇಕೆರೂರಿನಲ್ಲಿ ಅವರು ಪಡಸಾಲೆಯ ಜಮಖಾನೆಯ ಮೇಲೆ ಮಲಗಿದ್ದರು. ಹೊಟ್ಟೆ ಕರಗಿ ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ನನ್ನ ಗುರುತು ಹಿಡಿದರು. ಇಷ್ಟು ವರ್ಷ ಎದೆಯಲ್ಲಿದ್ದುದನ್ನು ನಾನು ಕೇಳಿಯೇಬಿಟ್ಟೆ.

"ಅವತ್ತ ನನ್ನನ್ನ ಯಾಕ ಹಿಡದ್ರಿ? ಬಸಣ್ಣ ಇದ್ನಲ್ರಿ, ಒಬ್ಬನ ಮಗ."

"ಅವನ್ನ ಹಿಡೀಬೇಕಂತನ ಬಂದಿದ್ದೆ ತಮ್ಮಾ" ಅಂದರು. "ಅಂವ ಸಾಲಿನ ಆ ತುದಿಗಿದ್ದ. ನೂಕಿಬಿಟ್ರು. ಕೈಗೆ ಸಿಕ್ಕಾಂವ ನೀನು."

ಮಗಳು ತಂದ ನೀರನ್ನು ಒಂದು ಗುಟುಕು ಕುಡಿದು ಮತ್ತೆ ನನ್ನ ಕಡೆ ನೋಡಿದರು.

"ಐದೂ ಮಂದಿಗೆ ಮೂರ್ಛಿ ಐತಿ ಅಂದಿದ್ರ, ಆ ಸುಬೇದಾರ ನಂಬತಿದ್ನೇನೋ ಶಿವಲಿಂಗ?"

"ಇಲ್ರಿ, ನಂಬತಿದ್ದಿಲ್ಲ."

"ಬಸಣ್ಣನ ಹೆಸರ ಕೂಗಿ ಅಲ್ಲಿಂದನ ಹೇಳಿದ್ರ?"

"ಇಲ್ರಿ."

ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೆಂದು ನಾವು ಏಳಬೇಕೆನ್ನುವಷ್ಟರಲ್ಲಿ ನನ್ನ ಕೈ ಹಿಡಿದು ಅದನ್ನೇ ಕೇಳಿದರು. ಆ ಸುಬೇದಾರ ಏನು ನಂಬುತ್ತಿದ್ದನೋ, ಏನು ಬಿಡುತ್ತಿದ್ದನೋ ನನಗೇನು ಗೊತ್ತು? ನಾನು ಇನ್ನಷ್ಟು ಗಟ್ಟಿಯಾಗಿ, "ಇಲ್ರಿ, ಯಾರು ಹೇಳಿದ್ರೂ ನಂಬತಿದ್ದಿಲ್ಲ" ಅಂದೆ. ಅವರ ಕೈ ಸಡಿಲಾಯಿತು. ನನ್ನ ಹೆಂಡತಿ ಹೊದಿಕೆಯನ್ನು ಅವರ ಎದೆಯವರೆಗೂ ಎಳೆದಳು.